ಬಾಗಿಲಿನ ಸಂದಿ ಹೇಳುವ ಸಾಕ್ಷಿ: ರೇಸಿಂಗ್ ಗೇಮಿನಲ್ಲಿ ಕಾರು ನುಜ್ಜುಗುಜ್ಜಾಗುವ ಲೆಕ್ಕ

ಮನೆ ಕಟ್ಟಿಸುತ್ತಿದ್ದ ಯಾರೋ ರಸ್ತೆಯ ಅಂಚಿನಲ್ಲಿ ಶಹಾಬಾದ್ ಪರ್ಸಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಎದುರಿಗೆ ಬಂದ ಟಂಟಂ ಎಂಬ ಮೂರುಗಾಲಿ ಗಾಡಿಗೆ ದಾರಿ ಬಿಡಲು ಹೋಗಿ ನನ್ನ ಕಾರಿನ ಎಡಮೂತಿಯನ್ನು ಆ ಕಲ್ಲಿಗೆ ಕೊಟ್ಟೆ. ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ಬಂಪರ್ ಒಡೆದಿದೆ, ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ಸೊಟ್ಟಗಾಗಿದೆ, ಇಷ್ಟೇ ತಾನೇ ಎಂದುಕೊಂಡು ಮರುದಿನ ಬೆಳಿಗ್ಗೆ ಹುಮನಾಬಾದ್ ರಸ್ತೆಯಲ್ಲಿ ಕಪನೂರ ಕಡೆಗಿರುವ ಒಂದು ಡೆಂಟಿಂಗ್ ಅಂಗಡಿಗೆ ಹೋದೆ. ಜೊತೆಗೆ ರಜೆಗೆ ಬಂದಿದ್ದ ಅಕ್ಕನ ಮಗ, ಅವನ ಬೆನ್ನಿಗೆ ಅವನ ಲ್ಯಾಪ್‌ಟಾಪ್.

ಉಸ್ತಾದರು ಬಂಪರಿನ ಕಡೆ ತಿರುಗಿಯೂ ನೋಡಲಿಲ್ಲ. (ಕಲಬುರಗಿಯಲ್ಲಿ ಪತ್ರಾ, ಅಂದರೆ ತಗಡು, ಬಡಿಯುವವರಿಗೂ ಇಂಜಿನ್ ಬಿಚ್ಚುವವರಿಗೂ ಇದೇ ಹೆಸರು.) ನೇರವಾಗಿ ಎಡಬಾಗಿಲಿನ ಹತ್ತಿರ ಬಂದು, ಫೆಂಡರಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಕಿರುಬೆರಳಿನ ಉಗುರು ಇಟ್ಟು ಕೆಳಗಿನಿಂದ ಮೇಲಕ್ಕೆ ಎಳೆದರು. ಅರ್ಧದವರೆಗೆ ಸಲೀಸಾಗಿ ಬಂದ ಉಗುರು ಮೇಲೆ ಸಿಕ್ಕಿಕೊಂಡಿತು. ಬಾಗಿಲು ತೆರೆದು ಹಾಕಿದರು. ಕಿರ್ರೆಂದು ಸದ್ದು ಬಂತು.

“ಪೆಟ್ಟು ಒಳಗೆ ನಡೆದು ಹೋಗಿದೆ ಸಾಹೇಬರೇ. ಹೊಸ ಬಂಪರ್ ಹಾಕಿದರೆ ಮುಗಿಯುವ ಕೆಲಸವಲ್ಲ ಇದು.”

ಕೆಲಸ ಮುಗಿಯುವವರೆಗೆ ಹುಡುಗ ಸುಮ್ಮನಿರಬೇಕಲ್ಲ, ಲ್ಯಾಪ್‌ಟಾಪ್ ತೆರೆದು ಕುಳಿತ. ಮೊದಲು ಆಡಿದ್ದು ನಿಜವಾದ ಕಂಪನಿಗಳ ಹೊಳೆಯುವ ಕಾರುಗಳಿರುವ ಒಂದು ರೇಸಿಂಗ್ ಗೇಮು. ನೂರೈವತ್ತರ ವೇಗದಲ್ಲಿ ಗೋಡೆಗೆ ಗುದ್ದಿದ. ಕಾರಿಗೆ ಆದದ್ದು ಬಂಪರಿನ ಮೇಲೆ ನಾಲ್ಕು ಗೀರು, ಒಂದು ಬದಿಗೆ ಜೋತುಬಿದ್ದ ಪ್ಲಾಸ್ಟಿಕ್. ಉಸ್ತಾದರು ನಕ್ಕರು. ಆಮೇಲೆ ಅವನು ಬೀಮ್‌ಎನ್‌ಜಿ ಡ್ರೈವ್ ಎಂಬ ಇನ್ನೊಂದು ಗೇಮು ತೆರೆದು, ಒಂದು ಸಣ್ಣ ಕಾರನ್ನು ಕಾಂಕ್ರೀಟ್ ಕಟ್ಟೆಗೆ ಓರೆಯಾಗಿ ಹೊಡೆದ. ಈ ಸಲ ಉಸ್ತಾದರು ನಗಲಿಲ್ಲ. ಕೈ ಒರೆಸಿಕೊಂಡು ಹತ್ತಿರ ಬಂದು, “ತಮ್ಮಾ, ಬಾಗಿಲಿನ ಕಡೆ ತಿರುಗಿಸು” ಎಂದರು. ತಿರುಗಿಸಿದ. ಫೆಂಡರ್ ಹಿಂದಕ್ಕೆ ಸರಿದು ಬಾಗಿಲಿನ ಅಂಚನ್ನು ಕಚ್ಚಿಕೊಂಡಿತ್ತು. ಛಾವಣಿಯ ಕಂಬ ಇರುವಲ್ಲಿ ಸಂದಿ ಮೇಲೆ ಅಗಲ, ಕೆಳಗೆ ಕಿರಿದಾಗಿತ್ತು.

ರೇಸಿಂಗ್ ಗೇಮುಗಳಲ್ಲಿ ‘ನೈಜ ಹಾನಿ’ ಎಂದು ಯಾವುದನ್ನು ಕರೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಎಲ್ಲಿಯೂ ಸಿಕ್ಕಿಲ್ಲ. ಗುದ್ದಿದ ಜಾಗ ಹಾಳಾಗುವುದು ದೊಡ್ಡದಲ್ಲ, ಅದನ್ನು ಬಣ್ಣ ಬಳಿದೂ ತೋರಿಸಬಹುದು. ಪೆಟ್ಟು ಅಲ್ಲಿಂದ ಮುಂದೆ ನಡೆಯುತ್ತದೆಯೇ, ಗುದ್ದದ ಜಾಗದಲ್ಲೂ ಗುರುತು ಬಿಡುತ್ತದೆಯೇ ಎಂದು ನೋಡಬೇಕು. ಅದನ್ನು ಗೇಮಿನೊಳಗೆ ತರಲು ಯಾಕೆ ಇಷ್ಟು ಕಷ್ಟ ಎಂಬುದೇ ಈ ಬರಹದ ವಿಷಯ.

ಗೇಮಿನ ಕಾರಿಗೆ ಎರಡು ದೇಹ. ಕಣ್ಣಿಗೆ ಕಾಣುವುದು ಒಂದು: ಸಾವಿರಾರು ಪುಟ್ಟ ತ್ರಿಕೋನಗಳನ್ನು ಅಂಚಿಗೆ ಅಂಚು ಹೊಲಿದು ಮಾಡಿದ ತೆಳ್ಳನೆಯ ಚರ್ಮ. ಹೊಳಪು, ಬಣ್ಣ, ಸ್ಟಿಕ್ಕರ್ ಎಲ್ಲ ಅದರ ಮೇಲೆ. ಅದರ ಕೆಳಗೆ ಕಾಣದ ಇನ್ನೊಂದು ದೇಹ ಇರುತ್ತದೆ. ಓಟ, ತಿರುವು, ಡಿಕ್ಕಿ ಎಲ್ಲವೂ ಲೆಕ್ಕವಾಗುವುದು ಅದರಲ್ಲಿ. ಬಹುಪಾಲು ರೇಸಿಂಗ್ ಗೇಮುಗಳಲ್ಲಿ ಈ ಎರಡನೆಯದು ನಾಲ್ಕು ಚಕ್ರ ಕಟ್ಟಿದ ಒಂದು ಪೆಟ್ಟಿಗೆ, ಅಷ್ಟೇ. ಅದಕ್ಕೆ ತೂಕ ಉಂಟು, ತೂಕದ ಕೇಂದ್ರ ಉಂಟು, ಯಾವ ಕಡೆಗೆ ಎಷ್ಟು ಸುಲಭವಾಗಿ ತಿರುಗೀತು ಎಂಬ ಲೆಕ್ಕ ಉಂಟು. ಆದರೆ ಬಾಗುವುದು ಗೊತ್ತಿಲ್ಲ. ಭೌತಶಾಸ್ತ್ರದ ಪುಸ್ತಕದಲ್ಲಿ ದೃಢಕಾಯ ಎನ್ನುವುದು ಇದನ್ನೇ. ಗೋಡೆಗೆ ಬಡಿದಾಗ ಕಂಪ್ಯೂಟರ್ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈಗ ಇದು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಪುಟಿಯಬೇಕು? ಉತ್ತರ ಸಿಕ್ಕಿದ ಮೇಲೆ ಡಿಕ್ಕಿ ಮುಗಿಯಿತು. ಹಾನಿ ಎಂಬುದು ಆಮೇಲೆ ಬರುವ ಅಲಂಕಾರ.

ಅಲಂಕಾರ ಮಾಡಲು ದಾರಿ ಹಲವು. ಗಟ್ಟಿ ಬಂಪರಿನ ಬದಲಿಗೆ ಮೊದಲೇ ಮಾಡಿಟ್ಟ ಮುರಿದ ಬಂಪರನ್ನು ತಂದು ಕೂರಿಸುವುದು ಒಂದು. ಬಾನೆಟ್ಟಿನ ನೇರ ರೂಪ, ಸೊಟ್ಟ ರೂಪ ಎರಡನ್ನೂ ಇಟ್ಟುಕೊಂಡು ಪೆಟ್ಟಿನ ಜೋರಿಗೆ ತಕ್ಕಂತೆ ಇದರಿಂದ ಅದಕ್ಕೆ ಜಾರಿಸುವುದು ಇನ್ನೊಂದು. ಇವೆರಡಕ್ಕಿಂತ ಜಾಣತನದ್ದೆಂದರೆ, ತಾಗಿದ ಬಿಂದುವಿನ ಸುತ್ತಲಿನ ತ್ರಿಕೋನಗಳ ಮೂಲೆಗಳನ್ನು ಮಾತ್ರ ಒಳಕ್ಕೆ ದೂಡುವುದು. ಇದರಲ್ಲಿ ಗುದ್ದಿದ ಕಡೆಗೇ ತಗ್ಗು ಬೀಳುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೂ ಒಳಗಿನ ಪೆಟ್ಟಿಗೆಗೆ ಏನೂ ತಿಳಿದಿರುವುದಿಲ್ಲ. ಚರ್ಮ ಸುಕ್ಕಾಗಿದೆ, ಮೂಳೆ ಹಾಗೆಯೇ ಇದೆ.

ಕಾರು ಕೆಟ್ಟು ಓಡುವುದನ್ನು ತೋರಿಸಬೇಕಾದರೆ ಪಕ್ಕದಲ್ಲಿ ಒಂದು ಅಂಕಪಟ್ಟಿ ಇಡುತ್ತಾರೆ. ಇಂಜಿನ್‌ಗೆ ಇಷ್ಟು ಅಂಕ, ಸ್ಟಿಯರಿಂಗ್‌ಗೆ ಇಷ್ಟು, ಗುದ್ದಿದಾಗಲೆಲ್ಲ ಕಡಿತ. 1995ರಲ್ಲಿ ಮೊದಲ ಪ್ಲೇಸ್ಟೇಷನ್ ಮೇಲೆ ಬಂದ ಡಿಸ್ಟ್ರಕ್ಷನ್ ಡರ್ಬಿ, ಕಾರಿನ ಸುತ್ತಲಿನ ಬೇರೆ ಬೇರೆ ಬದಿಗಳಿಗೆ ಬೇರೆ ಬೇರೆ ಹಾನಿಯ ಲೆಕ್ಕ ಇಟ್ಟಿತ್ತು. ಆ ಕಾಲದ ಯಂತ್ರದಲ್ಲಿ ಅದು ಸಾಹಸವೇ. ಇವತ್ತು ಬರುವ ಕೆಲವು ಗೇಮುಗಳು ಅಷ್ಟನ್ನೂ ಮಾಡುವುದಿಲ್ಲ. ಒಟ್ಟು ಕಾರಿಗೆ ಒಂದೇ ಅಂಕ. ಹಿಂದಿನಿಂದ ಯಾರೋ ಗುದ್ದಿದರೆ ಮುಂದಿನ ಇಂಜಿನ್ ಸೊರಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದನ್ನೇ ಪ್ರೋಗ್ರಾಂ ಮಾಡಿ ಮಾರಿದಂತೆ.

ಬೀಮ್‌ಎನ್‌ಜಿ ಹಿಡಿದ ದಾರಿ ಬೇರೆ. ಜರ್ಮನಿಯ ಬ್ರೆಮೆನ್ ನಗರದ ಈ ತಂಡದ ಬೇರು 2005ರಲ್ಲಿ ಶುರುವಾದ ರಿಗ್ಸ್ ಆಫ್ ರಾಡ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿದೆ. ಅಲ್ಲಿನ ಕೆಲವರು ಸೇರಿ ಕಟ್ಟಿದ ಹೊಸ ಗೇಮಿನ ಮಾದರಿ 2013ರಲ್ಲಿ ಜನರ ಕೈಗೆ ಬಂತು, 2015ರಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮು ಅಂಗಡಿಯಲ್ಲಿ ಸಿಗುತ್ತಿದೆ. ಇದರಲ್ಲಿ ಒಳಗಿನ ಪೆಟ್ಟಿಗೆಯೇ ಇಲ್ಲ. ಅದರ ಜಾಗದಲ್ಲಿ ಕೆಲವು ನೂರು ಬಿಂದುಗಳು, ಅವುಗಳನ್ನು ಒಂದಕ್ಕೊಂದು ಕಟ್ಟುವ ಕೆಲವು ಸಾವಿರ ಕಡ್ಡಿಗಳು ಇವೆ. ಬಿಂದುವಿಗೆ ನೋಡ್ ಎಂದೂ ಕಡ್ಡಿಗೆ ಬೀಮ್ ಎಂದೂ ಹೆಸರು. ತೂಕವೆಲ್ಲ ಬಿಂದುಗಳಲ್ಲಿ, ಗಟ್ಟಿತನವೆಲ್ಲ ಕಡ್ಡಿಗಳಲ್ಲಿ.

ಹಳ್ಳಿಮನೆಯ ಹೊರಸನ್ನು ನೆನಪಿಸಿಕೊಳ್ಳಿ. ಹಗ್ಗದ ಹೆಣಿಗೆಯ ನಡುವೆ ಎಲ್ಲೋ ಒಂದು ಕಡೆ ಮೊಣಕೈ ಊರಿದರೆ ಅಲ್ಲಿ ತಗ್ಗಾಗುವುದಷ್ಟೇ ಅಲ್ಲ, ಕಾಲ ಬುಡದ ಹಗ್ಗ ಬಿಗಿಯುತ್ತದೆ, ಮೂಲೆಯ ಗೂಟ ಕಿರುಗುಟ್ಟುತ್ತದೆ, ಇನ್ನೊಂದು ತುದಿಯಲ್ಲಿ ಮಲಗಿದ ಮಗು ಅಲುಗುತ್ತದೆ. ಯಾರೂ ಆ ಹಗ್ಗಗಳಿಗೆ “ಇಲ್ಲಿ ಮೊಣಕೈ ಇಟ್ಟರೆ ನೀನು ಬಿಗಿಯಬೇಕು” ಎಂದು ಹೇಳಿಕೊಟ್ಟಿಲ್ಲ. ಪ್ರತಿ ಹಗ್ಗಕ್ಕೂ ಗೊತ್ತಿರುವುದು ತನ್ನ ಎರಡು ತುದಿ ಮಾತ್ರ. ನೋಡ್-ಬೀಮ್ ಕಾರು ಕೂಡ ಹೀಗೆಯೇ. ಒಂದೊಂದು ಕಡ್ಡಿ ತನ್ನ ಎರಡು ತುದಿಯ ಬಿಂದುಗಳ ನಡುವಿನ ದೂರವನ್ನು ಅಳೆಯುತ್ತದೆ. ದೂರ ಹೆಚ್ಚಾಗಿದ್ದರೆ ಒಳಕ್ಕೆ ಎಳೆಯುತ್ತದೆ, ಕಡಿಮೆಯಾಗಿದ್ದರೆ ಹೊರಕ್ಕೆ ನೂಕುತ್ತದೆ. ಎಲ್ಲ ಕಡ್ಡಿಗಳ ಎಳೆತ-ನೂಕುಗಳನ್ನು ಕೂಡಿಸಿ ಬಿಂದುಗಳನ್ನು ಸರಿಸುತ್ತಾರೆ, ಮತ್ತೆ ಅಳೆಯುತ್ತಾರೆ. ಬಂಪರಿಗೆ ಬಿದ್ದ ಪೆಟ್ಟು ಬಾಗಿಲಿನ ಸಂದಿಗೆ ಬಂದದ್ದು ಯಾವ ಕಲಾವಿದನೂ ಬರೆದಿಟ್ಟ ಚಿತ್ರದಿಂದಲ್ಲ. ಕಡ್ಡಿಯಿಂದ ಕಡ್ಡಿಗೆ ದಾಟಿ ಬಂದದ್ದು.

ಆದರೆ ಹೊರಸಿನಿಂದ ಎದ್ದರೆ ಹಗ್ಗ ಮತ್ತೆ ಮೊದಲಿನಂತಾಗುತ್ತದೆ, ಕಾರು ಆಗುವುದಿಲ್ಲ. ಅದಕ್ಕೆ ಅಡುಗೆಮನೆಯ ತಗಡಿನ ಡಬ್ಬಿ ಬೇಕು. ಡಬ್ಬಿಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಟಕ್ಕೆಂದು ಹೊರಗೆ ಬರುತ್ತದೆ. ಇನ್ನಷ್ಟು ಬಲವಾಗಿ ಒತ್ತಿ, ತಗ್ಗು ಹಾಗೆಯೇ ಉಳಿಯುತ್ತದೆ. ಲೋಹಕ್ಕೆ ಒಂದು ಗಡಿ ಇದೆ. ಅದರ ಈಚೆಗೆ ಸ್ಪ್ರಿಂಗಿನಂತೆ ನಡೆದುಕೊಳ್ಳುತ್ತದೆ, ಆಚೆಗೆ ಹೋದರೆ ಹೊಸ ಆಕಾರವನ್ನೇ ತನ್ನದೆಂದು ಒಪ್ಪಿಕೊಂಡುಬಿಡುತ್ತದೆ. ಗೇಮಿನ ಪ್ರತಿ ಕಡ್ಡಿಗೂ ಈ ಗಡಿಯನ್ನು ಸಂಖ್ಯೆಯಾಗಿ ಬರೆದಿಟ್ಟಿರುತ್ತಾರೆ. ಬಲ ಅದನ್ನು ಮೀರಿದ ಕ್ಷಣ ಕಡ್ಡಿಯ ‘ಸಹಜ ಉದ್ದ’ವನ್ನೇ ತಿದ್ದಲಾಗುತ್ತದೆ. ಎರಡು ಬಿಂದುಗಳ ನಡುವೆ ಮೂವತ್ತು ಸೆಂಟಿಮೀಟರ್ ಇರಬೇಕೆಂದು ಹಟ ಹಿಡಿದಿದ್ದ ಕಡ್ಡಿ ಇನ್ನು ಮುಂದೆ ಇಪ್ಪತ್ತಾರಕ್ಕೇ ತೃಪ್ತಿಪಡುತ್ತದೆ. ಡೆಂಟು ಎಂದರೆ ಇಷ್ಟೇ: ತಿದ್ದಿದ ಉದ್ದಗಳ ಒಂದು ಪಟ್ಟಿ. ಇದಕ್ಕಿಂತ ದೊಡ್ಡ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನೂ ಮೀರಿದರೆ ಕಡ್ಡಿ ಕಡಿದು ಬೀಳುತ್ತದೆ. ಬಂಪರ್ ಕಳಚುವುದು, ಚಕ್ರ ಉರುಳಿ ಹೋಗುವುದು ಎಲ್ಲ ಹೀಗೆ.

ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ವಸ್ತುವಿನ ಸ್ವಭಾವ ಅಡಗಿದೆ. ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿದರೆ ಬೆಳ್ಳಿ ಹರಡಿಕೊಂಡು ಗೀರನ್ನು ತುಂಬುತ್ತದೆ, ಮುರಿಯುವುದಿಲ್ಲ. ಅದೇ ಸತು-ತಾಮ್ರದ ಎರಕದ ಪಾತ್ರೆಯನ್ನು ಕೈಜಾರಿ ಕಲ್ಲಿನ ಮೇಲೆ ಬೀಳಿಸಿದರೆ ಬಾಗುವ ಮೊದಲೇ ಬಿರುಕು ಬಿಡಬಹುದು. ಬಾಗುವ ಗಡಿಗೂ ಮುರಿಯುವ ಗಡಿಗೂ ದೂರ ಇದ್ದರೆ ಅದು ಬೆಳ್ಳಿಯಂಥದ್ದು, ಕಾರಿನ ಉಕ್ಕಿನ ತಗಡಿನಂಥದ್ದು. ಎರಡೂ ಒತ್ತೊತ್ತಾಗಿದ್ದರೆ ಎರಕದ ಸತುವಿನಂಥದ್ದು. ಫಾರ್ಮುಲಾ ಒನ್ ಕಾರಿನ ಕಾರ್ಬನ್ ಫೈಬರ್ ಕೂಡ ಈ ಎರಡನೆಯ ಜಾತಿ. 1981ರ ಮೆಕ್ಲಾರೆನ್ ಎಂಪಿ4/1ರಿಂದ ಆ ಕಾರುಗಳ ಒಡಲು ಕಾರ್ಬನ್ನಿನದೇ. ಅದು ಸುಕ್ಕಾಗುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ, ಸಿಡಿಯುತ್ತಲೇ ಪೆಟ್ಟಿನ ಶಕ್ತಿಯನ್ನು ತಿನ್ನುತ್ತದೆ. 2020ರ ನವೆಂಬರಿನಲ್ಲಿ ಬಹ್ರೇನ್‌ನಲ್ಲಿ ರೊಮೈನ್ ಗ್ರೋಜಾನ್ ಅವರ ಕಾರು ತಡೆಬೇಲಿಗೆ ನುಗ್ಗಿ ಎರಡು ತುಂಡಾದದ್ದನ್ನೂ ಅವರು ಬೆಂಕಿಯೊಳಗಿಂದ ಎದ್ದು ಬಂದದ್ದನ್ನೂ ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು. ಗೇಮಿನ ಎಫ್‌ಒನ್ ಕಾರಿನ ಮೂತಿ ತಗಡಿನಂತೆ ಮಡಚಿಕೊಂಡರೆ, ಎಷ್ಟೇ ಸೊಗಸಾಗಿದ್ದರೂ, ಅದು ತಪ್ಪು.

ಈಗ ವೇಗದ ಮಾತಿಗೆ ಬರೋಣ. ಕಡ್ಡಿ-ಬಿಂದುಗಳ ಈ ಉಪಾಯ ಹೊಸದೇನಲ್ಲ, ಕಷ್ಟದ್ದೂ ಅಲ್ಲ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಒಂದು ಸಂಜೆಯಲ್ಲಿ ಬರೆಯಬಲ್ಲರು. ಓಡಿಸಿ ನೋಡಿದಾಗ ಕಾರು ಎರಡು ಸಲ ನಡುಗಿ, ಬಾಂಬಿನಂತೆ ಆಕಾಶಕ್ಕೆ ಸಿಡಿಯುತ್ತದೆ. ಏಕೆ?

ಗೇಮು ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ ಎನ್ನಿ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಚಿತ್ರದಿಂದ ಮುಂದಿನದಕ್ಕೆ ಸುಮಾರು 46 ಸೆಂಟಿಮೀಟರ್ ಸಾಗಿರುತ್ತದೆ. ಈ ಚಿತ್ರದಲ್ಲಿ ಬಂಪರ್ ಗೋಡೆಯ ಈಚೆಗಿದೆ, ಮುಂದಿನ ಚಿತ್ರದಲ್ಲಿ ರೇಡಿಯೇಟರ್ ಗೋಡೆಯ ಒಳಗಿದೆ. ನಡುವೆ ಏನಾಯಿತು ಎಂದು ಯಾರೂ ನೋಡಿಲ್ಲ. ಕಣ್ಣುಮುಚ್ಚಿಕೊಂಡು ಒಂದೊಂದು ಮಾರು ನಡೆದು ಆಮೇಲೆ ಕಣ್ಣು ಬಿಟ್ಟಂತೆ. ಅಷ್ಟರಲ್ಲಿ ಕಡ್ಡಿಗಳು ಊಹೆಗೂ ಮೀರಿ ಕುಗ್ಗಿಬಿಟ್ಟಿರುತ್ತವೆ, ಹೊರಕ್ಕೆ ನೂಕುವ ಬಲ ವಿಪರೀತವಾಗುತ್ತದೆ, ಮುಂದಿನ ಹೆಜ್ಜೆಯಲ್ಲಿ ಬಿಂದುಗಳು ಇನ್ನೊಂದು ದಿಕ್ಕಿಗೆ ಅಷ್ಟೇ ವಿಪರೀತವಾಗಿ ಹಾರುತ್ತವೆ. ಪ್ರತಿ ಸಲವೂ ತಪ್ಪು ದೊಡ್ಡದಾಗುತ್ತ ಹೋಗಿ ಕಾರು ಸಿಡಿಯುತ್ತದೆ.

ಇದಕ್ಕೆ ಲೆಕ್ಕವೂ ಉಂಟು, ಮಾಡಿ ನೋಡಿದರೆ ಮೋಜೆನಿಸುತ್ತದೆ. ಎರಡು ಕೆ.ಜಿ. ತೂಕದ ಒಂದು ಬಿಂದುವನ್ನು ಒಂದು ಸ್ಪ್ರಿಂಗಿಗೆ ಕಟ್ಟಿ ಸೆಕೆಂಡಿಗೆ 60 ಸಲ ಲೆಕ್ಕ ಹಾಕಿದರೆ, ಸಿಡಿಯದಂತೆ ಇಡಬಹುದಾದ ಅತಿ ಗಟ್ಟಿ ಸ್ಪ್ರಿಂಗಿನ ಬಿಗಿತ ಮೀಟರಿಗೆ ಸುಮಾರು 29,000 ನ್ಯೂಟನ್. ಅದು ಕಾರಿನ ಸಸ್ಪೆನ್ಷನ್ ಸ್ಪ್ರಿಂಗಿನ ಬಿಗಿತದ ಆಸುಪಾಸು. ಅಂದರೆ ಚಾಸಿಯ ಉಕ್ಕು, ಬಾಗಿಲಿನ ಕಂಬ ಎಲ್ಲವೂ ಸಸ್ಪೆನ್ಷನ್ ಸ್ಪ್ರಿಂಗಿನಷ್ಟೇ ಮೆತ್ತಗಿರಬೇಕು! ಬೀಮ್‌ಎನ್‌ಜಿ ಇದೇ ಲೆಕ್ಕವನ್ನು ಸೆಕೆಂಡಿಗೆ 2,000 ಸಲ ಹಾಕುತ್ತದೆ. ಹೆಜ್ಜೆ, ಅಂದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕದವರೆಗಿನ ಹೊತ್ತು, ಚಿಕ್ಕದಾದಂತೆ ಬಿಗಿತದ ಮಿತಿ ವರ್ಗದಲ್ಲಿ ಏರುತ್ತದೆ, ಹಾಗಾಗಿ ಸಾವಿರ ಪಟ್ಟಿಗೂ ಹೆಚ್ಚು ಗಟ್ಟಿಯಾದ ಕಡ್ಡಿ ಇಡಬಹುದು. 100ರ ವೇಗದಲ್ಲಿ ಒಂದು ಹೆಜ್ಜೆಗೆ ಕಾರು ಸಾಗುವುದು ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ.

ಇಷ್ಟಾದರೂ ಅದು ನಿಜವಾದ ಉಕ್ಕಲ್ಲ. ಕಾರು ತಯಾರಿಸುವ ಕಂಪನಿಗಳು ಬಳಸುವ ಎಲ್‌ಎಸ್-ಡೈನಾದಂಥ ತಂತ್ರಾಂಶಗಳಲ್ಲಿ ಕಾರನ್ನು ಕೆಲವೇ ಮಿಲಿಮೀಟರ್ ಅಗಲದ ಲಕ್ಷಾಂತರ ತುಣುಕುಗಳಾಗಿ ಒಡೆಯುತ್ತಾರೆ. ಅಲ್ಲಿಯೂ ಇದೇ ನಿಯಮ: ಒಂದು ತುಣುಕನ್ನು ಶಬ್ದದ ಅಲೆ ದಾಟುವಷ್ಟು ಹೊತ್ತಿಗಿಂತ ಹೆಜ್ಜೆ ದೊಡ್ಡದಾಗಬಾರದು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಐದು ಕಿಲೋಮೀಟರಿನಷ್ಟು ಓಡುತ್ತದೆ, ಐದು ಮಿಲಿಮೀಟರ್ ದಾಟಲು ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. ಡಿಕ್ಕಿ ಎಂಬುದು ಶುರುವಾಗಿ ಮುಗಿಯುವುದು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಪರದೆಯ ಲೆಕ್ಕದಲ್ಲಿ ಅದು 6 ಚಿತ್ರ. ಬೀಮ್‌ಎನ್‌ಜಿ ಲೆಕ್ಕದಲ್ಲಿ 200 ಹೆಜ್ಜೆ. ಕಂಪನಿಯ ಲೆಕ್ಕದಲ್ಲಿ 1 ಲಕ್ಷ ಹೆಜ್ಜೆ. ಕಂಪನಿಯವರು ಒಂದು ಡಿಕ್ಕಿಯನ್ನು ದೊಡ್ಡ ಕಂಪ್ಯೂಟರುಗಳಿಗೆ ಕೊಟ್ಟು ಗಂಟೆಗಟ್ಟಲೆ ಕಾಯುತ್ತಾರೆ. ಗೇಮು ಆಡುವವನು ಕಾಯುವುದಿಲ್ಲ. ಅವನಿಗೆ ಉತ್ತರ ಈಗಲೇ ಬೇಕು, ಗುದ್ದಿದ ಸದ್ದು ಕಿವಿಗೆ ಬೀಳುವಷ್ಟರಲ್ಲಿ.

ಈ ಅವಸರದ ಬೆಲೆಯನ್ನು ಉಸ್ತಾದರೇ ಕಂಡುಹಿಡಿದರು. ಹುಡುಗ ನನ್ನ ಅಪಘಾತವನ್ನೇ ಗೇಮಿನಲ್ಲಿ ಮರಳಿ ಮಾಡುತ್ತೇನೆಂದು ಕಲ್ಲಿನ ಕಟ್ಟೆಯ ಮೂಲೆಗೆ ಫೆಂಡರನ್ನು ತಾಗಿಸಿದ. ಫೆಂಡರ್ ಒಳಕ್ಕೆ ಹೋಯಿತು, ಬಾಗಿಲು ಕಚ್ಚಿಕೊಂಡಿತು, ಎಲ್ಲ ಸರಿ. ಉಸ್ತಾದರು ನನ್ನ ಕಾರಿನ ಕಡೆ ಕೈ ತೋರಿಸಿದರು. ಅಲ್ಲಿ ಪರ್ಸಿಯ ಅಂಚು ತಾಗಿದ ಜಾಗದಲ್ಲಿ ಎರಡು ಬೆರಳಗಲದ ಒಂದು ಚೂಪು ಮಡಿಕೆ ಇತ್ತು. “ಕಲ್ಲಿನ ಮೂಲೆಯ ಗುರುತು ಎಲ್ಲಿದೆ ಇದರಲ್ಲಿ?” ಗೇಮಿನ ಫೆಂಡರ್ ಮೇಲೆ ಇದ್ದದ್ದು ಅಗಲವಾದ, ನಯವಾದ ತಗ್ಗು, ಹೊರಸಿನ ಮೇಲೆ ಮೊಣಕೈ ಊರಿದಂಥದ್ದು. ಕಾರಣ ಸರಳ. ಇಡೀ ಫೆಂಡರಿಗೆ ಇರುವುದು ಬೆರಳೆಣಿಕೆಯ ಬಿಂದುಗಳು, ಕಾಣುವ ಚರ್ಮ ಅವುಗಳ ಹಿಂದೆ ಎಳೆದುಕೊಂಡು ಹೋಗುತ್ತದೆ. ಎರಡು ಬಿಂದುಗಳ ನಡುವಿನ ಅಂತರಕ್ಕಿಂತ ಸಣ್ಣ ಮಡಿಕೆಯನ್ನು ಬರೆದಿಟ್ಟುಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಬಿಂದುಗಳನ್ನು ಒತ್ತಾಗಿ ಇಡಬಹುದಲ್ಲ ಎಂದರೆ, ಬಿಂದು ಹಗುರಾಗುತ್ತದೆ, ಹಗುರಾದರೆ ಮತ್ತೆ ಸಿಡಿಯುತ್ತದೆ, ಸಿಡಿಯದಿರಲು ಹೆಜ್ಜೆ ಇನ್ನೂ ಚಿಕ್ಕದಾಗಬೇಕು. ಕಂಬಳಿ ಎಳೆದರೆ ಕಾಲು ಹೊರಗೆ, ಕಾಲು ಮುಚ್ಚಿದರೆ ತಲೆ ಹೊರಗೆ.

ಲ್ಯಾಪ್‌ಟಾಪ್ ಅಷ್ಟರಲ್ಲಿ ಹಂಚಿನಂತೆ ಕಾದಿತ್ತು. ನಮ್ಮ ಮೇ ತಿಂಗಳ ನಲವತ್ತು ದಾಟಿದ ಬಿಸಿಲಿನಲ್ಲಿ ತಗಡಿನ ಶೆಡ್ಡಿನ ಕೆಳಗೆ ಕುಳಿತು ಸೆಕೆಂಡಿಗೆ 2,000 ಸಲ ನಾಲ್ಕು ಕಾರುಗಳ ಲೆಕ್ಕ ಹಾಕು ಎಂದರೆ ಯಾವ ಯಂತ್ರವಾದರೂ ಏದುಸಿರು ಬಿಡುತ್ತದೆ. ಈ ಗೇಮಿನಲ್ಲಿ ಪ್ರತಿ ಕಾರಿನ ಲೆಕ್ಕವನ್ನು ಪ್ರೊಸೆಸರಿನ ಬೇರೆ ಬೇರೆ ಕೋರ್‌ಗೆ ಹಂಚುತ್ತಾರೆ. ಕೋರ್‌ಗಳು ಮುಗಿದವೆಂದರೆ, ಇಲ್ಲವೇ ಬಿಸಿಗೆ ಸೋತವೆಂದರೆ, ಇಡೀ ಜಗತ್ತೇ ನಿಧಾನವಾಗುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯುವವರು ಇದನ್ನು ಗಮನಿಸಬೇಕು. ಇಲ್ಲಿ ದುಡಿಯುವುದು ಪ್ರೊಸೆಸರ್.

ಹಾಗಾದರೆ ಕಾರು ಮಡಚುವುದು ಇಷ್ಟು ಚೆನ್ನಾಗಿ ಬರುವಾಗ ದೊಡ್ಡ ರೇಸಿಂಗ್ ಸಿಮ್ಯುಲೇಟರುಗಳು, ಅಂದರೆ ನಿಜದ ಓಟವನ್ನೇ ನಕಲು ಮಾಡಲು ಹೊರಟ ಗೇಮುಗಳು, ಇದನ್ನು ಏಕೆ ಎತ್ತಿಕೊಳ್ಳುವುದಿಲ್ಲ?

ಮೊದಲನೆಯ ಕಾರಣಕ್ಕೂ ತಂತ್ರಜ್ಞಾನಕ್ಕೂ ಸಂಬಂಧವಿಲ್ಲ. ನಿಜವಾದ ಕಂಪನಿಯ ಕಾರನ್ನು ಗೇಮಿನಲ್ಲಿ ಇಡಬೇಕಾದರೆ ಕಂಪನಿಯ ಪರವಾನಗಿ ಬೇಕು. ತನ್ನ ಕಾರಿನ ಛಾವಣಿ ಚಾಲಕನ ತಲೆಯ ಮೇಲೆ ಕುಸಿಯುವುದನ್ನು ಕೋಟ್ಯಂತರ ಜನರಿಗೆ ತೋರಿಸಲು ಯಾವ ಕಂಪನಿಗೆ ಇಷ್ಟವಾದೀತು? 1997ರಲ್ಲಿ ಶುರುವಾದ ಗ್ರಾನ್ ಟೂರಿಸ್ಮೋ ಸರಣಿಯಲ್ಲಿ ಕಣ್ಣಿಗೆ ಕಾಣುವ ಹಾನಿ ಬಂದದ್ದು 2010ರ ಐದನೆಯ ಕಂತಿನಲ್ಲಿ, ಅದೂ ಹಿಡಿತವಾಗಿ. ಬೀಮ್‌ಎನ್‌ಜಿಯಲ್ಲಿ ಓಡುವ ಗ್ಯಾವ್ರಿಲ್, ಇಬಿಶು, ಹಿರೋಚಿ ಎಲ್ಲವೂ ಕಲ್ಪಿತ ಕಂಪನಿಗಳು, ಕೇಳುವವರಿಲ್ಲ. (ಇಬಿಶು ಪಿಜನ್ ಎಂಬ ಮೂರುಗಾಲಿಯ ಪುಟ್ಟ ಗಾಡಿಯೂ ಇದೆ. ಅಕ್ಕನ ಮಗ ಅದಕ್ಕೆ ಟಂಟಂ ಎಂದೇ ಹೆಸರಿಟ್ಟಿದ್ದಾನೆ. ತಿರುವಿನಲ್ಲಿ ಅದು ಪಲ್ಟಿಯಾಗುವ ರೀತಿ ನಮ್ಮ ಊರಿನದ್ದೇ.)

ಎರಡನೆಯದು ಅಂತರ್ಜಾಲದಲ್ಲಿ ಹಲವರು ಒಟ್ಟಿಗೆ ಆಡುವಾಗಿನ ಕಷ್ಟ. ಪೆಟ್ಟಿಗೆ ಕಾರು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಬೇರೆಯವರ ಕಂಪ್ಯೂಟರಿಗೆ ತಿಳಿಸಲು ಏಳು ಸಂಖ್ಯೆ ಸಾಕು. ನಾನೂರು ಬಿಂದುಗಳ ಕಾರಿಗಾದರೆ ಬಿಂದುಗಳ ಜಾಗವನ್ನಷ್ಟೇ ಹೇಳಲು 1,200 ಸಂಖ್ಯೆ. ಇಪ್ಪತ್ತು ಕಾರು ಒಟ್ಟಿಗೆ ಓಡುವಾಗ ಇದನ್ನು ಸೆಕೆಂಡಿಗೆ ಹಲವು ಸಲ ಎಲ್ಲರಿಗೂ ಕಳಿಸುತ್ತಿರಬೇಕು. ಕಳಿಸುವುದು ಬೇಡ, ಅವರವರ ಕಂಪ್ಯೂಟರೇ ಲೆಕ್ಕ ಹಾಕಿಕೊಳ್ಳಲಿ ಎಂದರೆ ಅದೂ ಆಗದು. ಡಿಕ್ಕಿಯ ಲೆಕ್ಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕ್ಷಣದಲ್ಲಿ ಬೆಟ್ಟವಾಗುತ್ತದೆ. ನನ್ನ ಪರದೆಯಲ್ಲಿ ನಿಮ್ಮ ಕಾರಿನ ಚಕ್ರ ಕಳಚಿದೆ, ನಿಮ್ಮ ಪರದೆಯಲ್ಲಿ ನೀವು ಗೆಲ್ಲುತ್ತಿದ್ದೀರಿ. ಫಿನ್‌ಲೆಂಡಿನ ಬಗ್‌ಬೇರ್ ತಂಡ 2018ರಲ್ಲಿ ಹೊರತಂದ ರೆಕ್‌ಫೆಸ್ಟ್ ನಡುವಿನ ದಾರಿ ಹಿಡಿದು ಇಪ್ಪತ್ತಕ್ಕೂ ಹೆಚ್ಚು ಕಾರುಗಳನ್ನು ಒಟ್ಟಿಗೆ ಗುದ್ದಾಡಿಸುತ್ತದೆ. ತಗಡು ಮುದ್ದೆಯಾಗುತ್ತದೆ, ಆದರೆ ಕಡ್ಡಿ-ಕಡ್ಡಿಯ ಲೆಕ್ಕವಿಲ್ಲ. ಉಸ್ತಾದರ ಉಗುರಿನ ಪರೀಕ್ಷೆಯಲ್ಲಿ ಅದು ಪೂರ್ತಿ ಪಾಸಾಗುವುದಿಲ್ಲ, ಮೋಜಿನಲ್ಲಿ ಮಾತ್ರ ಎಲ್ಲರಿಗಿಂತ ಮುಂದು. ನನಗೇನೂ ತಕರಾರಿಲ್ಲ.

ಮೂರನೆಯ ಕಾರಣ ನನಗೆ ಹೆಚ್ಚು ಹಿಡಿಸುವಂಥದ್ದು. ರೇಸ್ ಓಡಿಸುವವನಿಗೆ ತನ್ನ ಕಾರಿನ ಹೊರಮೈ ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಸ್ಟಿಯರಿಂಗು, ಕೇಳುವುದು ಇಂಜಿನ್. ಪಕ್ಕದ ಗೋಡೆಗೆ ಚಕ್ರ ಉಜ್ಜಿದಾಗ ಟೈ ರಾಡ್, ಅಂದರೆ ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳು, ಎರಡು ಮಿಲಿಮೀಟರ್ ಬಾಗಿದೆ ಎನ್ನಿ. ಹೊರಗಿನಿಂದ ಏನೂ ಕಾಣುವುದಿಲ್ಲ, ಆದರೆ ಇನ್ನು ಮುಂದೆ ನೇರ ರಸ್ತೆಯಲ್ಲಿ ಹೋಗಬೇಕಾದರೂ ಸ್ಟಿಯರಿಂಗನ್ನು ಒಂದು ಬದಿಗೆ ಹಿಡಿದಿರಬೇಕು, ಒಂದು ಟೈರು ಉಳಿದವಕ್ಕಿಂತ ಬೇಗ ಸವೆಯುತ್ತದೆ, ಎಡ ತಿರುವಿನಲ್ಲಿ ಒಂದು ಸ್ವಭಾವ, ಬಲ ತಿರುವಿನಲ್ಲಿ ಇನ್ನೊಂದು. ಮುಂದಿನ ರೆಕ್ಕೆ ಮುರಿದರೆ ನೆಲಕ್ಕೆ ಒತ್ತುವ ಗಾಳಿಯ ಬಲ ಕಡಿಮೆಯಾಗಿ ಮೂತಿ ತಿರುಗಲೊಲ್ಲದು. ರೇಡಿಯೇಟರ್ ಸೀಳಿದರೆ ಮೂರು ಸುತ್ತಿನವರೆಗೆ ಏನೂ ಆಗುವುದಿಲ್ಲ, ನಾಲ್ಕನೆಯದರಲ್ಲಿ ಮುಳ್ಳು ಕೆಂಪಿಗೆ ಹೋಗುತ್ತದೆ. ಗಂಭೀರ ಸಿಮ್ಯುಲೇಟರುಗಳು ತಮ್ಮ ಶ್ರಮವನ್ನು ಹಾಕುವುದು ಈ ಕಾಣದ ಹಾನಿಯ ಮೇಲೆ. ಪೆಟ್ಟು ಒಳಗೆ ನಡೆಯುವುದು ಎಂದರೆ ಇದೂ ಒಂದು ಬಗೆ.

2008ರಲ್ಲಿ ಶುರುವಾದ ಐರೇಸಿಂಗ್ ಎಂಬ ಸಿಮ್ಯುಲೇಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಟಗಾರನ ಹೆಸರಿಗೇ ಡೆಂಟು ಹಾಕುತ್ತದೆ. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ ಒಂದು ಅಂಕ, ಹಿಡಿತ ತಪ್ಪಿ ತಿರುಗಿದರೆ ಎರಡು, ಇನ್ನೊಂದು ಕಾರಿಗೆ ಬಲವಾಗಿ ತಾಗಿಸಿದರೆ ನಾಲ್ಕು. ತಪ್ಪು ಯಾರದೆಂದು ವಿಚಾರಿಸುವುದೇ ಇಲ್ಲ, ಇಬ್ಬರಿಗೂ ಬೀಳುತ್ತದೆ. ಅನ್ಯಾಯ ಎನಿಸಬಹುದು. ಆದರೆ ಅಂಕ ಹೆಚ್ಚಾದರೆ ಮೇಲಿನ ದರ್ಜೆಯ ರೇಸುಗಳಿಗೆ ಪ್ರವೇಶವೇ ಇಲ್ಲವಾದ್ದರಿಂದ, ಜನ ಪಕ್ಕದವನ ಹತ್ತಿರ ಹೋಗುವಾಗ ಉಸಿರು ಬಿಗಿಹಿಡಿಯುತ್ತಾರೆ. ಅದೇ ವರ್ಷ ಬಂದ ಗ್ರಿಡ್ ಎಂಬ ಗೇಮು ಇದಕ್ಕೆ ತದ್ವಿರುದ್ಧ: ಗುದ್ದಿದಿರೋ, ಗುಂಡಿ ಒತ್ತಿ ಕಾಲವನ್ನೇ ಹಿಂದಕ್ಕೆ ತಿರುಗಿಸಿ, ಮತ್ತೆ ಓಡಿಸಿ. ಗುದ್ದಾಟದ ದೃಶ್ಯ ಎಷ್ಟೇ ನಿಜವಾಗಿದ್ದರೂ ಕಳೆದುಕೊಳ್ಳುವುದು ಏನೂ ಇಲ್ಲದಿದ್ದರೆ ಹೆದರಿಕೆ ಎಲ್ಲಿಂದ ಬರಬೇಕು?

ಕಾರು ಮಡಚುವುದನ್ನು ನೋಡಿ “ಎಂಥ ಕಳಪೆ ತಗಡು” ಎನ್ನುವವರಿಗೆ ಒಂದು ಮಾತು. ಮಡಚಲೆಂದೇ ಮಾಡಿದ ಭಾಗ ಅದು. ಮರ್ಸಿಡಿಸ್ ಕಂಪನಿಯ ಇಂಜಿನಿಯರ್ ಬೇಲಾ ಬರೆನಿ, ಕಾರಿನ ನಡುಭಾಗ ಗಟ್ಟಿಯಾಗಿರಬೇಕು, ಮುಂದಿನ ಮತ್ತು ಹಿಂದಿನ ಭಾಗ ಸುಕ್ಕಾಗಬೇಕು ಎಂದು 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಆ ಬಗೆಯ ಕಾರು 1959ರಲ್ಲಿ ರಸ್ತೆಗೆ ಬಂತು. ನಮ್ಮಲ್ಲಿ 2023ರಲ್ಲಿ ಶುರುವಾದ, ಕಾರುಗಳ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಹೊಡೆಸುತ್ತಾರೆ. ಅದು ಹದಿನಾರು ಮೀಟರ್ ಎತ್ತರದಿಂದ, ಐದು ಮಹಡಿಯ ಮೇಲಿಂದ, ಮೂತಿ ಕೆಳಗಾಗಿ ಬಿದ್ದಷ್ಟು ಶಕ್ತಿ. ಅರ್ಧ ವೇಗ, ಅಂದರೆ 32 ಇದ್ದಿದ್ದರೆ ಬೀಳುವ ಎತ್ತರ ಎಂಟಲ್ಲ, ನಾಲ್ಕೇ ಮೀಟರ್. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಗೇಮಿನಲ್ಲಿ ಇದನ್ನು ಹತ್ತು ನಿಮಿಷದಲ್ಲಿ ಕಣ್ಣಾರೆ ನೋಡಬಹುದು: ಅದೇ ಕಾರು, ಅದೇ ಗೋಡೆ, 30ರಲ್ಲಿ ಒಮ್ಮೆ, 60ರಲ್ಲಿ ಒಮ್ಮೆ. ಮೊದಲನೆಯದು ಬಾನೆಟ್ಟಿನ ತುದಿಯಲ್ಲಿ ನಿಲ್ಲುತ್ತದೆ. ಎರಡನೆಯದು ಮುಂದಿನ ಗಾಜಿನ ಬುಡದವರೆಗೆ ಬಂದು ನಿಲ್ಲುತ್ತದೆ.

ಹುಡುಗ ಒಂದು ಕೀಲಿ ಒತ್ತಿದ. ಕಾರು ಹೊಸದಾಯಿತು. ಉಸ್ತಾದರು, “ಬಡಿದು ಸರಿಮಾಡಲು ಬರುವುದಿಲ್ಲವೇ ಇದರಲ್ಲಿ?” ಎಂದು ಕೇಳಿದರು. ಬರುವುದಿಲ್ಲ. ಕೀಲಿ ಒತ್ತಿದಾಗ ಆಗುವುದು ದುರಸ್ತಿಯಲ್ಲ; ತಿದ್ದಿದ ಉದ್ದಗಳ ಪಟ್ಟಿಯನ್ನು ಹರಿದೆಸೆದು ಮೊದಲಿನ ಪಟ್ಟಿಯನ್ನು ತಂದಿಡುತ್ತಾರೆ. ನಿಜವಾದ ಪತ್ರಾ ಒಮ್ಮೆ ಹಿಗ್ಗಿತೆಂದರೆ, ಬಡಿದಾಗ ಇನ್ನಷ್ಟು ಹಿಗ್ಗುತ್ತದೆ, ಮಡಚಿದ ಕಡೆ ಗಡಸಾಗುತ್ತದೆ, ಮತ್ತೆ ಅಲ್ಲಿಯೇ ಬಾಗಿಸಲು ಹೋದರೆ ಪಕ್ಕದಲ್ಲಿ ಬಾಗುತ್ತದೆ. ಗೇಮಿನ ಕಡ್ಡಿಗೆ ತನ್ನ ಈಗಿನ ಉದ್ದ ಮಾತ್ರ ಗೊತ್ತು, ಹಿಂದೆ ಪಟ್ಟ ಪಾಡು ಗೊತ್ತಿಲ್ಲ.

ಉಸ್ತಾದರು ಗ್ಯಾಸ್ ಉರಿ ಹಚ್ಚಿ ಮಡಿಕೆಯ ನೆತ್ತಿಯನ್ನು ನಾಲ್ಕಾಣೆ ಅಗಲಕ್ಕೆ ಕೆಂಪಗೆ ಕಾಯಿಸಿದರು. ಒಳಗಿನಿಂದ ಕಬ್ಬಿಣದ ಡಾಲಿ ಆನಿಸಿ ಹೊರಗಿನಿಂದ ಮೂರು ಏಟು ಹಾಕಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಒತ್ತಿದರು. ಚುಸ್ ಎಂದು ಹಬೆ ಎದ್ದು, ಹಿಗ್ಗಿದ್ದ ಪತ್ರಾ ಕುಗ್ಗಿ ಚಪ್ಪಟೆಯಾಯಿತು. ಸಂಜೆ ಕಾರು ಕೊಡುವಾಗ ಮತ್ತೊಮ್ಮೆ ಕಿರುಬೆರಳಿನ ಉಗುರನ್ನು ಸಂದಿಯಲ್ಲಿ ಎಳೆದು ತೋರಿಸಿದರು. ಕೆಳಗಿನಿಂದ ಮೇಲಿನವರೆಗೆ ಸಲೀಸಾಗಿ ಹೋಯಿತು. ಬಾಗಿಲು ಹಾಕುವಾಗ ಸದ್ದು ಮಾತ್ರ ಮೊದಲಿನದಲ್ಲ, ಒಂದು ಸ್ವರ ಕೆಳಗಿದೆ.